ಹಂಚಿನ ಮುಖ ಬಲ್ಲವನು

ಡಂಕನ್ ರೀವ್ ತನ್ನ ಜನ್ಮದಲ್ಲಿ ಒಂದು ಮನೆಯ ಚಾವಣಿ ಹತ್ತಿದವನಲ್ಲ. ಸ್ಟುಡಿಯೋದಲ್ಲಿ ಬಲ್ಬು ಬದಲಿಸಲು ಸ್ಟೂಲಿನ ಮೇಲೆ ನಿಂತರೂ ಅವನ ಮಂಡಿ ನಡುಗುತ್ತಿತ್ತು, ಇನ್ನೊಬ್ಬರು ಬಂದು ಸೊಂಟ ಹಿಡಿದುಕೊಳ್ಳಬೇಕಿತ್ತು. ಅಂಥವನು ಸಿಡ್ನಿಯ ದೊಡ್ಡ ಸಭಾಂಗಣವೊಂದರಲ್ಲಿ ಗಾಜಿನ ಪ್ರಶಸ್ತಿಯನ್ನು ಎದೆಗೆ ಅವುಚಿಕೊಂಡು, ಈ ಊರಿನ ಹಳೆಯ ಹಂಚುಗಳ ಒಂದೊಂದು ಕಲೆಯನ್ನೂ ತಾನೇ ಏಣಿ ಹತ್ತಿ, ಬಿಸಿಲಲ್ಲಿ ಬೆಂದು ಸಂಗ್ರಹಿಸಿದೆನೆಂದು ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ, ಅವನದೇ ಸ್ಟುಡಿಯೋದ ನೌಕರ ಲಾಂಬ್ರೋಸ್ ಕರೆಲ್ಲಾಸ್ ಕೂಡ ತಟ್ಟಿದ. ತಟ್ಟುವಾಗ ಅವನ ಅಂಗೈಯ ಹಳೆಯ ಗಾಯ ಚುರುಗುಟ್ಟಿತು. ಅದು ಕೊಗರಾ ಬಡಾವಣೆಯ ಒಂದು ಚಾವಣಿಯಿಂದ ಜಾರಿದಾಗ ಆದದ್ದು.

ಆ ರಾತ್ರಿಯೇ ಅವನು ಕೊಲೆಗೆ ಮನಸ್ಸು ಮಾಡಿದ ಎಂದರೆ ಸುಳ್ಳಾದೀತು. ಆ ರಾತ್ರಿ ಅವನು ಮನಸ್ಸು ಮಾಡಿದ್ದು ಕೆಲಸ ಬಿಡುವುದಕ್ಕೆ. ಕೊಲೆಯ ಯೋಚನೆ ಬಂದದ್ದು ಮಾರನೆಯ ಬೆಳಿಗ್ಗೆ, ಡಂಕನ್ ಅವನ ಮೇಜಿನ ಹತ್ತಿರ ಬಂದು, ಅಲ್ಲಿದ್ದ ಹಂಚಿನ ಮೇಲೆ ತನ್ನ ಗಾಜಿನ ಪ್ರಶಸ್ತಿಯನ್ನು ಟಕ್ಕೆಂದು ಊರಿದಾಗ.

"ಬೇಜಾರ್ ಮಾಡ್ಕೋಬೇಡ ಮಾರಾಯ," ಎಂದ ಡಂಕನ್. "ಜನಕ್ಕೆ ಒಂದು ಮುಖ ಬೇಕು. ನಿನ್ ಮುಖ ತೋರಿಸಿದ್ರೆ ಯಾರೂ ಕೊಳ್ಳಲ್ಲ."

ಆಮೇಲೆ ಸಮಾಧಾನ ಹೇಳುವವನಂತೆ ಇನ್ನೊಂದು ಮಾತು ಸೇರಿಸಿದ. ಲಾಂಬ್ರೋಸ್ ತೆಗೆದ ಹಂಚಿನ ಚಿತ್ರಗಳ ಸಂಗ್ರಹವನ್ನೆಲ್ಲ ತಾನೇ ಚಿತ್ರ ಬರೆಯುವ ಒಂದು ಯಂತ್ರಕ್ಕೆ ಉಣ್ಣಿಸಿ ಆಗಿದೆ, ಇನ್ನು ಅದೇ ಬೇಕಾದಷ್ಟು ಹಳೆಯ ಹಂಚುಗಳನ್ನು ಹೆರುತ್ತದೆ, ಈ ವಯಸ್ಸಿನಲ್ಲಿ ಏಣಿ ಹತ್ತುವ ಕಷ್ಟ ತಪ್ಪಿತಲ್ಲ ಎಂದ. ಲಾಂಬ್ರೋಸ್ ಹೂಂ ಎಂದ. ಅವನ ಕಣ್ಣು ಪ್ರಶಸ್ತಿಯ ಮೇಲಿರಲಿಲ್ಲ, ಅದರ ಅಡಿಯಲ್ಲಿದ್ದ ಹಂಚಿನ ಮೇಲಿತ್ತು. ಗಾಜಿನ ಅಂಚು ತಾಗಿ ಹಂಚಿನ ಮೇಲೆ ಹಾವಸೆಯಂತೆ ಅಂಟಿ ಬೆಳೆದ ಕಿತ್ತಳೆ ಬಣ್ಣದ ಕಲ್ಲುಹೂವು ಒಂದಿಷ್ಟು ಉದುರಿತ್ತು. ಆ ಕಲ್ಲುಹೂವು ಅಷ್ಟು ಬೆಳೆಯಲು ಒಬ್ಬ ಮನುಷ್ಯನ ಆಯಸ್ಸು ಬೇಕು. ಅದನ್ನು ಉದುರಿಸಿದವನ ತಲೆಯೊಳಗೆ ಇದೇ ಹಂಚು ಇಳಿದರೆ ಹೇಗಿರುತ್ತದೆ ಎಂದು ಅವನಿಗೆ ಆಗ ಅನ್ನಿಸಿತು. ಅನ್ನಿಸಿದ್ದೇ ಹೊಟ್ಟೆಗೆ ತಂಪೆರೆದಂತಾಯಿತು.

ಅವರ ಸ್ಟುಡಿಯೋದ ಕೆಲಸ ಕಂಪ್ಯೂಟರಿನೊಳಗೆ ಮನೆ, ಬೀದಿ, ಊರು ಕಟ್ಟುವುದು. ಸಿನಿಮಾದವರಿಗೆ, ಆಟ ಮಾಡುವವರಿಗೆ, ಇನ್ನೂ ಕಟ್ಟದ ಮನೆಯನ್ನು ಮಾರುವವರಿಗೆ. ಗೋಡೆ ಎಬ್ಬಿಸುವುದು, ಚಾವಣಿ ಇಳಿಸುವುದು ಯಾವ ಹುಡುಗನೂ ಕಲಿಯಬಲ್ಲ ವಿದ್ಯೆ. ಆದರೆ ಹಾಗೆ ಕಟ್ಟಿದ ಮನೆ ಸೋಪಿನಲ್ಲಿ ತೊಳೆದಿಟ್ಟಂತೆ ಕಾಣುತ್ತದೆ, ನೋಡಿದ ಕೂಡಲೇ ಕಣ್ಣು ಇದು ಸುಳ್ಳು ಎನ್ನುತ್ತದೆ. ಅದಕ್ಕೆ ವಯಸ್ಸು ಬರಿಸಬೇಕು. ಸಮುದ್ರದ ಉಪ್ಪುಗಾಳಿ ತಿಂದ ಅಂಚು, ಹಕ್ಕಿ ಹಿಕ್ಕೆಯ ಬಿಳಿ ಗೀಟು, ಆ ದೇಶದಲ್ಲಿ ಬಿಸಿಲು ತಾಗದ ದಕ್ಷಿಣ ಮಗ್ಗುಲಲ್ಲಿ ಕಟ್ಟುವ ಪಾಚಿ, ಚಿಮಣಿಯ ಸೀಸದ ಪಟ್ಟಿಯಿಂದ ನೀರಿಳಿದ ಕಡೆ ಏನೂ ಬೆಳೆಯದೆ ಉಳಿದ ಕೆಂಪು ದಾರಿ. ಇವನ್ನೆಲ್ಲ ನಿಜವಾದ ಹಂಚಿನಿಂದ ತೆಗೆದು ಟೆಕ್ಸ್ಚರ್ ಮಾಡಿ, ಹಾಸಿಗೆಗೆ ಮೇಲುಹಾಸು ಹೊದಿಸಿದಂತೆ ಮಾದರಿಯ ಮೇಲೆ ಹೊದಿಸುವವನು ಲಾಂಬ್ರೋಸ್. ಯಾವುದೋ ಯುದ್ಧದ ಚಿತ್ರದಲ್ಲಿ ಉರಿದು ಕುಸಿಯುವ ಚಾವಣಿ ಅವನ ಪಕ್ಕದ ಮನೆಯ ಮುದುಕಿ ವೂಲಾಳದ್ದು. ಅದು ಅವಳಿಗೂ ಗೊತ್ತಿರಲಿಲ್ಲ.

ಆ ಲೋಕದಲ್ಲಿ ಒಂದು ಕಟ್ಟಳೆಯಿದೆ. ಕ್ಯಾಮೆರಾ ನೋಡದ್ದು ಇಲ್ಲವೇ ಇಲ್ಲ. ಮನೆಗೆ ಹೊರಗಿದೆ, ಒಳಗಿಲ್ಲ. ಹಂಚಿಗೆ ಮೇಲಿದೆ, ಕೆಳಗಿಲ್ಲ. ಕಾಣದ್ದಕ್ಕೆ ಬೆವರು ಸುರಿಸುವವನು ಆ ಕಸುಬಿನಲ್ಲಿ ದಡ್ಡ. ಲಾಂಬ್ರೋಸ್ ತನ್ನ ಬೆವರನ್ನೆಲ್ಲ ಕಾಣುವುದಕ್ಕೇ ಸುರಿಸಿದವನು, ಹಾಗಾಗಿ ಕಾಣುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಡಂಕನ್ ಈ ಶ್ರದ್ಧೆಯನ್ನೇ ಎಲ್ಲರೆದುರು ಗೇಲಿ ಮಾಡುತ್ತಿದ್ದ. ಲಾಂಬ್ರೋಸ್ ಬಂದರೆ ಪಾರಿವಾಳದ ಗೂಡಿನ ವಾಸನೆ ಬರುತ್ತದೆ ಎನ್ನುತ್ತಿದ್ದ. ತಿರುಗುವ ಮಣೆಯ ಮೇಲೆ ಹಂಚು ಕೂದಲೆಳೆಯಷ್ಟೂ ಅಲುಗಬಾರದೆಂದು ಹುಟ್ಟುಹಬ್ಬದ ತೋರಣ ಅಂಟಿಸುವ, ಹಿಟ್ಟಿನ ಮುದ್ದೆಯಂಥ ನೀಲಿ ಅಂಟನ್ನೆಲ್ಲ ಕದಿಯುತ್ತಾನೆ ಎನ್ನುತ್ತಿದ್ದ. ಊಟದ ಹೊತ್ತಲ್ಲೂ ಹಂಚಿನ ಜೊತೆ ಮಾತಾಡುತ್ತಾನೆ, ಅದಕ್ಕೇ ಹೆಂಡತಿ ಬಿಟ್ಟುಹೋದಳು ಎನ್ನುತ್ತಿದ್ದ. ಜನ ನಗುತ್ತಿದ್ದರು. ಲಾಂಬ್ರೋಸ್ ಕೂಡ ನಗುತ್ತಿದ್ದ, ಏಕೆಂದರೆ ಸಂಗ್ರಹದ ಮೇಲೆ ತನ್ನ ಹೆಸರು ಬರುತ್ತದೆಂದು ನಂಬಿದ್ದ. ಅವನಿಗೆ ಬೇಕಿದ್ದದ್ದು ಅದೊಂದೇ. ಈಗ ಅದೂ ಇಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಉಪಾಯವನ್ನು ಡಂಕನ್‌ನೇ ತನ್ನ ಭಾಷಣದಲ್ಲಿ ತಟ್ಟೆಯಲ್ಲಿಟ್ಟು ಕೊಟ್ಟಿದ್ದ. ತಾನು ಚಾವಣಿ ಹತ್ತುವವನು ಎಂದು ಊರಿಗೆಲ್ಲ ಸಾರಿದ್ದಾನಲ್ಲವೇ? ಹಾಗಾದರೆ ಒಂದು ದಿನ ಚಾವಣಿಯಿಂದ ಬಿದ್ದು ಸತ್ತರೆ ಯಾರು ತಾನೇ ಹುಬ್ಬೇರಿಸುತ್ತಾರೆ? ಸುಳ್ಳು ಹೇಳಿದವನಿಗೆ ಅದೇ ಸುಳ್ಳಿನಲ್ಲಿ ಗೋರಿ ಕಟ್ಟುವುದು. ಈ ಯೋಚನೆಯ ಅಂದಕ್ಕೆ ಲಾಂಬ್ರೋಸ್ ತಾನೇ ಮರುಳಾದ.

ಜಾಗ ಅವನದೇ ಮನೆ. ಅರ್ಲ್‌ವುಡ್ ಬಡಾವಣೆಯಲ್ಲಿ ಅವನ ಸೋದರತ್ತೆ ಬಿಟ್ಟುಹೋದ ಹಳೆಯ ಹಂಚಿನ ಮನೆ, ಹಿತ್ತಲಿನ ಸೂರಿನಡಿಗೆ ಸಿಮೆಂಟಿನ ಓಣಿ. ಡಂಕನ್‌ನ ಮೇಜಿನ ಹತ್ತಿರ ಹೋಗಿ, ಪತ್ರಿಕೆಯವರು ಏಣಿಯ ಮೇಲಿನ ಫೋಟೋ ಕೇಳೇ ಕೇಳುತ್ತಾರೆ, ಒಂದು ಕೂಡ ಇಲ್ಲವಲ್ಲ ಎಂದ. ಡಂಕನ್‌ನ ಮುಖ ಸಪ್ಪಗಾಯಿತು. ನಮ್ಮ ಮನೆಗೆ ಬಾ, ಚಾವಣಿಗೆ ಹೋಗುವುದೇನೂ ಬೇಡ, ಏಣಿಯ ಮೇಲೆ ನಾಲ್ಕು ಮೆಟ್ಟಿಲು ಹತ್ತಿ ಸೂರಿನಂಚಿನ ಮಳೆನೀರಿನ ಗಟರು ಹಿಡಿದುಕೊಂಡು ನಿಂತರೆ ಸಾಕು, ನಾನು ತೆಗೆದುಕೊಡುತ್ತೇನೆ ಎಂದ ಲಾಂಬ್ರೋಸ್. ಸಂಜೆಯೊಳಗೆ ಡಂಕನ್ ಸ್ಟುಡಿಯೋದಲ್ಲಿ ಎಲ್ಲರಿಗೂ ಶನಿವಾರ ತಾನು ಚಾವಣಿ ಹತ್ತುವುದಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ತನ್ನ ಸಾವಿಗೆ ತಾನೇ ಡಂಗುರ ಹೊಡೆಯುವವರು ಅಪರೂಪ.

ಶನಿವಾರವನ್ನು ಲಾಂಬ್ರೋಸ್ ಸುಮ್ಮನೆ ಆರಿಸಿರಲಿಲ್ಲ. ಅದು ಪಿತೃಗಳ ಶನಿವಾರ. ಬೀದಿಯ ಗ್ರೀಕ್ ಮುದುಕಿಯರೆಲ್ಲ ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ ಬೆರೆಸಿದ ಕೋಲಿವಾ ಹೊತ್ತು ಇಗರ್ಜಿಗೆ ಹೋಗುವ ದಿನ. ಬೇರೆ ದಿನಗಳಲ್ಲಿ ಪಕ್ಕದ ಮನೆಯ ಥೀಯಾ ವೂಲಾಳ ಕಣ್ಣು ತಪ್ಪಿಸಿ ಒಂದು ಬೆಕ್ಕೂ ಬೇಲಿ ದಾಟಲಾರದು. ಬೀದಿಗೆಲ್ಲ ಥೀಯಾ, ಅಂದರೆ ಅತ್ತೆ, ಎನ್ನಿಸಿಕೊಂಡ ಆಕೆ ಲಾಂಬ್ರೋಸ್ ಏಣಿ ಹತ್ತಿದಾಗಲೆಲ್ಲ ಕೆಳಗಿನಿಂದ ಬೈಯುವವಳು. ಆ ಬೆಳಿಗ್ಗೆ ಮಾತ್ರ ಅವಳು ಸತ್ತ ಗಂಡನ ಹೆಸರು ಓದಿಸಲು ಹೋಗಿರುತ್ತಾಳೆ.

ಇನ್ನು ಸದ್ದು. ಅರ್ಲ್‌ವುಡ್‌ನ ನೆತ್ತಿಯ ಮೇಲೆ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುತ್ತವೆ. ಅಲ್ಲಿಯ ಜನ ಮಾತಿನ ನಡುವೆ ನಿಲ್ಲಿಸಿ, ವಿಮಾನ ಹೋದಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಒಂದು ವಿಮಾನದ ಅಬ್ಬರದಲ್ಲಿ ಒಬ್ಬ ಮನುಷ್ಯ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದ ಅಡುಗೆಮನೆಗೆ ಕೇಳಿಸದು.

ಕೊನೆಗೆ ಹಂಚು. ಇಲ್ಲಿಯೇ ಸಾಮಾನ್ಯ ಕೊಲೆಗಾರ ಎಡವುತ್ತಾನೆ ಎಂದು ಲಾಂಬ್ರೋಸ್‌ಗೆ ಗೊತ್ತಿತ್ತು. ಸಾಮಾನ್ಯನಾದರೆ ಕೈಗೆ ಸಿಕ್ಕ ಹಂಚಿನಿಂದ ತಲೆ ಒಡೆದು, ಚಾವಣಿಯಲ್ಲಿ ಯಾವುದೋ ಒಂದು ಹಂಚು ಕಿತ್ತು, ಅಲ್ಲಿಂದ ಬಿದ್ದದ್ದು ಎನ್ನುತ್ತಾನೆ. ಆದರೆ ಹಂಚು ಸುಳ್ಳು ಹೇಳುವುದಿಲ್ಲ. ಹಿತ್ತಲಿನ ಸೂರಿನಂಚಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಕಲ್ಲುಹೂವಿನ ವೃತ್ತವಿತ್ತು, ಮೂರು ಹಂಚುಗಳ ಮೇಲೆ ಹರಡಿಕೊಂಡು. ಅದರ ನಡುವಿನ ಹಂಚನ್ನೇ ಅವನು ಹಿಂದಿನ ಚಳಿಗಾಲದಲ್ಲಿ ಬಿಡಿಸಿ ಸ್ಟುಡಿಯೋಗೆ ಒಯ್ದಿದ್ದ, ಮಣೆಯ ಮೇಲೆ ತಿರುಗಿಸಿ ಸಾವಿರಾರು ಚಿತ್ರ ತೆಗೆದಿದ್ದ. ಆ ಜಾಗಕ್ಕೆ ಹಳೇ ಸಾಮಾನಿನ ಅಂಗಳದಿಂದ ತಂದ ಬೇರೊಂದು ಹಂಚು ತೂರಿಸಿದ್ದ. ಅಂದಿನಿಂದ ಆ ವೃತ್ತವನ್ನು ನೋಡಿದಾಗಲೆಲ್ಲ ಮುಂದಿನ ಹಲ್ಲು ಬಿದ್ದ ಬಾಯಿಯನ್ನು ಕಂಡಂತೆ ಅವನಿಗೆ ಕಿರಿಕಿರಿ. ಡಂಕನ್ ಪ್ರಶಸ್ತಿ ಊರಿದ್ದು ಅದೇ ಹಂಚಿನ ಮೇಲೆ. ಈಗ ಅದು ಮನೆಗೆ ಮರಳಬೇಕು. ಬದಲಿ ಹಂಚನ್ನು ತೆಗೆದು ಟೊಮೆಟೊ ಪಾತಿಯ ಅಂಚಿಗೆ ನೆಟ್ಟಿರುವ ಒಡಕು ಹಂಚುಗಳ ಸಾಲಿಗೆ ಸೇರಿಸಿದರಾಯಿತು. ಡಂಕನ್‌ನ ತಲೆ ಒಡೆದ ಹಂಚಿನ ಮೇಲಿನ ಕಮಾನು, ಮೇಲೆ ಉಳಿದ ಎರಡು ಹಂಚಿನ ಕಮಾನುಗಳಿಗೆ ಗೆರೆಗೆ ಗೆರೆ ಕೂಡಿಕೊಳ್ಳುತ್ತದೆ. ಜಗತ್ತಿನ ಯಾವ ತಜ್ಞನನ್ನು ಕರೆಸಿದರೂ, ಇದು ಇಲ್ಲಿಂದಲೇ ಜಾರಿದ್ದು ಎಂದು ಸಹಿ ಹಾಕುತ್ತಾನೆ.

ಶುಕ್ರವಾರ ಎಲ್ಲರೂ ಹೋದಮೇಲೆ ಅವನು ಕೈಗವಸು ತೊಟ್ಟು ಹಂಚನ್ನು ಪೆಟ್ಟಿಗೆಯಲ್ಲಿ ಮುಖ ಮೇಲೆ ಮಾಡಿ ಮಲಗಿಸಿದ, ಮಗುವನ್ನು ಮಲಗಿಸುವಷ್ಟು ಜೋಪಾನವಾಗಿ. ಕಲ್ಲುಹೂವಿನ ಒಂದು ಚಕ್ಕೆಯೂ ಉದುರಬಾರದು.

ಡಂಕನ್ ಹೊಸ ಶೂ, ಹೊಸ ಟೋಪಿ ಹಾಕಿಕೊಂಡು ಬಂದ. ಏಣಿಯನ್ನು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದ. ಲಾಂಬ್ರೋಸ್‌ನ ಕೈಗವಸು, ಮೈಮೇಲಿನ ಹಳೆಯ ಮಳೆಯಂಗಿ ನೋಡಿ, ಏನಿದು ವೇಷ ಎಂದ. ಈ ಬಿಸಿಲಿಗೆ ಹಂಚು ಮುಟ್ಟಿದರೆ ಕೈ ಸುಡುತ್ತದೆ, ಗಟರಿನ ಕೊಳಕು ಮೈಮೇಲೆ ಬೀಳುತ್ತದೆ ಎಂದ ಲಾಂಬ್ರೋಸ್.

"ನಂಗೂ ಒಂದ್ ಜೊತೆ ಕೊಡೋ."

"ನಿನ್ ಕೈ ಫೋಟೋದಲ್ಲಿ ಕಾಣ್ಬೇಕಲ್ಲ. ಬರೀ ಕೈಲಿ ಗಟರು ಹಿಡ್ಕೊ, ಚೆನ್ನಾಗಿರುತ್ತೆ."

ಡಂಕನ್ ಒಂದೊಂದೇ ಮೆಟ್ಟಿಲು ಹತ್ತಿದ. ನಾಲ್ಕಕ್ಕೆ ನಿಂತ. ಲಾಂಬ್ರೋಸ್ ಕ್ಯಾಮೆರಾ ಹಿಡಿದು ಇನ್ನೂ ಸ್ವಲ್ಪ, ಇನ್ನೊಂದೇ ಒಂದು, ಟೋಪಿ ಗಟರಿನ ಮೇಲೆ ಬರಲಿ ಎನ್ನುತ್ತಾ ಅವನನ್ನು ಸೂರಿನ ಮಟ್ಟಕ್ಕೆ ತಂದ. ಡಂಕನ್‌ನ ಬೆರಳುಗಳು ಗಟರನ್ನು ಬಿಗಿಯಾಗಿ ಕಚ್ಚಿದ್ದವು. ಒಳ್ಳೆಯದೇ, ಗುರುತು ಮೂಡಲಿ. ಎದುರಿಗೇ ಆ ಹಂಚಿಲ್ಲದ ಕಂಡಿ, ಅದರ ಎರಡು ಮಗ್ಗುಲಲ್ಲಿ ಅರ್ಧಂಬರ್ಧ ವೃತ್ತ.

"ಇಲ್ಲೊಂದು ಹಂಚೇ ಇಲ್ವಲ್ಲೋ," ಎಂದ ಡಂಕನ್, ತಿರುಗಿ ನೋಡುವ ಧೈರ್ಯವಿಲ್ಲದೆ.

ವಿಮಾನ ಬಂತು. ಅದರ ನೆರಳು ಚಾವಣಿಯನ್ನು ಉಜ್ಜಿಕೊಂಡು ಹೋಯಿತು. ಲಾಂಬ್ರೋಸ್ ಕ್ಯಾಮೆರಾ ಕೆಳಗಿಟ್ಟು ಏಣಿಯ ಬುಡಕ್ಕೆ ಭುಜ ಕೊಟ್ಟು ನೂಕಿದ.

ಡಂಕನ್ ಒಂದು ಕ್ಷಣ ಗಟರಿಗೆ ಜೋತುಬಿದ್ದ. ತಗಡು ಬಾಗಿತು, ಬೆರಳು ಜಾರಿತು, ಅವನು ಸಿಮೆಂಟಿನ ಮೇಲೆ ಕಾಲು ಮುಂದಾಗಿ ಬಿದ್ದ. ಮೂಳೆ ಮುರಿದ ಸದ್ದು ವಿಮಾನದ ಅಬ್ಬರದಲ್ಲಿ ಕೇಳಲಿಲ್ಲ, ಆದರೆ ಮೊಳಕಾಲಿನ ಕೆಳಗೆ ಬಿಳಿಯ ಚೂಪು ಪ್ಯಾಂಟನ್ನು ಹರಿದು ಹೊರಬಂದದ್ದು ಕಂಡಿತು. ಬಾಯಿ ಅಷ್ಟಗಲ ತೆರೆದಿತ್ತು. ಲಾಂಬ್ರೋಸ್ ಪೆಟ್ಟಿಗೆಯಿಂದ ಹಂಚು ಎತ್ತಿಕೊಂಡು ಅವನ ತಲೆಯ ಹತ್ತಿರ ಮಂಡಿಯೂರಿದ. ಆಗ ವಿಮಾನ ದೂರವಾಗಿ, ಡಂಕನ್‌ನ ದನಿ ಕೇಳತೊಡಗಿತು. ಅವನು ಮೂರ್ಖನೇನಲ್ಲ, ಹಂಚು ಎತ್ತಿದವನ ಕಣ್ಣು ನೋಡಿಯೇ ತಿಳಿದುಕೊಂಡಿದ್ದ.

"ಹೆಸರು ಹಾಕ್ಸ್ತೀನಿ," ಎಂದ. "ಲ್ಯಾಂಬಿ, ಎಲ್ಲದರ ಮೇಲೂ ನಿನ್ ಹೆಸರೇ ಹಾಕ್ಸ್ತೀನಿ ಕಣೋ. ಆಣೆ."

ಲಾಂಬ್ರೋಸ್‌ನ ಕೈ ತಡೆಯಿತು. ಇಷ್ಟು ವರ್ಷ ಅವನು ಕೇಳಬೇಕೆಂದಿದ್ದ ಮಾತು ಅದೇ. ಆದರೆ ಮುರಿದ ಕಾಲಿನವನ ಬಾಯಿಂದ ಬಂದ ಹೆಸರಿಗೆ ಏನು ಬೆಲೆ? ಇನ್ನೊಂದು ವಿಮಾನದ ಗುಡುಗು ಬರುವವರೆಗೆ ಅವನು ಕಾದ. ಡಂಕನ್ ಅಷ್ಟು ಹೊತ್ತೂ ಬೇಡಿಕೊಂಡ, ಮೊಣಕೈ ಊರಿ ಓಣಿಯ ಉದ್ದಕ್ಕೂ ತೆವಳಲು ನೋಡಿದ, ಉಗುರು ಸಿಮೆಂಟನ್ನು ಕೆರೆಯಿತು. ಲಾಂಬ್ರೋಸ್ ಅವನ ಕೂದಲು ಹಿಡಿದು ಎಳೆದು ಮತ್ತೆ ಕಂಡಿಯ ನೇರಕ್ಕೇ ತಂದ. ಮೊದಲ ಹೊಡೆತ ಕಿವಿಯ ಮೇಲೆ ಬಿತ್ತು, ಅವನು ಸಾಯಲಿಲ್ಲ, ಕೈ ಅಡ್ಡ ತಂದ. ಎರಡನೆಯದಕ್ಕೆ ಆ ಕೈಯ ಬೆರಳು ಹಿಂದಕ್ಕೆ ಮಡಿಚಿಕೊಂಡವು. ಮೂರನೆಯದಕ್ಕೆ ಹಂಚು ಎರಡಾಯಿತು, ತಲೆಯೂ. ರಕ್ತ ಸಿಮೆಂಟಿನ ಬಿರುಕು ಹಿಡಿದು, ದಾರಿ ಗೊತ್ತಿದ್ದ ಹಾಗೆ, ಚರಂಡಿಯ ಕಡೆ ಹೊರಟಿತು. ಮಳೆಯಂಗಿಯ ಮೇಲೆಲ್ಲ ಕೆಂಪು. ಲಾಂಬ್ರೋಸ್‌ಗೆ ಏದುಸಿರು ಹತ್ತಿತ್ತು, ಆದರೆ ಅಸಹ್ಯವಾಗಲಿಲ್ಲ. ಹಸಿವಾದಂತೆನಿಸಿತು.

ಆಮೇಲಿನದು ಅವನ ಕಸುಬು. ಡಂಕನ್‌ನ ಬಲಗಾಲಿನ ಶೂ ಬಿಚ್ಚಿ, ಏಣಿಯನ್ನು ಪಕ್ಕಕ್ಕೆ ನೆಟ್ಟು ಮೇಲೆ ಹತ್ತಿದ. ಹತ್ತುವವನ ಹೆಜ್ಜೆ ಹಂಚಿನ ತಗ್ಗಿನಲ್ಲಿ ಬೀಳುತ್ತದೆ, ಜಾರುವವನದು ಉಬ್ಬಿನ ಮೇಲೆ ಉಜ್ಜುತ್ತದೆ. ಶೂ ಹಿಡಿದು ಎರಡು ಹೆಜ್ಜೆ ಮೂಡಿಸಿದ, ಮೂರನೆಯದನ್ನು ಕೆಳಮುಖವಾಗಿ ಎಳೆದ. ಒಣಗಿದ ಕಲ್ಲುಹೂವು ಎದ್ದು ಕೆಳಗಿನ ಹಸಿ ಕೆಂಪು ಕಂಡಿತು. ಎಳೆತದ ಕೊನೆಗೆ ಒತ್ತಡ ಹೆಚ್ಚಿಸಿದ, ಏಕೆಂದರೆ ಬೀಳುವವನು ಕೊನೆಯ ಗಳಿಗೆಯಲ್ಲಿ ಹಿಮ್ಮಡಿ ಊರುತ್ತಾನೆ. ಎದ್ದ ಪುಡಿಯನ್ನು ಗಟರಿನ ಕಡೆ ಊದಿದ. ಮೊದಲೇ ಡಂಕನ್‌ನ ಬೆರಳುಗಳನ್ನು ಒತ್ತಿಸಿಕೊಂಡು ತಂದಿದ್ದ ಕ್ಯಾಮೆರಾವನ್ನು ಚಾವಣಿಯ ಇಳುಕಲಿನಿಂದ ಒಮ್ಮೆ ಉರುಳಿಸಿದ. ಮೇಲೊಂದು ಬಿಳಿ ಕಾಕಟೂ ಹಕ್ಕಿ ಕೂತು ಜುಟ್ಟು ಬಿಚ್ಚಿ ಎಲ್ಲವನ್ನೂ ನೋಡುತ್ತಿತ್ತು. ಇಳಿದುಬಂದು ಶೂ ತೊಡಿಸಿ ಲೇಸು ಕಟ್ಟಿದ. ಹಂಚಿನ ಎರಡು ಹೋಳುಗಳನ್ನು ರಕ್ತದಲ್ಲಿ, ಬೀಳಬೇಕಾದ ಕಡೆ, ಬೀಳಬೇಕಾದ ಓರೆಯಲ್ಲಿ ಇಟ್ಟ. ಮುಖ ಮೇಲೆ. ಅವನ ಕೈ ಹಂಚನ್ನು ಬೇರೆ ಥರ ಇಟ್ಟದ್ದೇ ಇಲ್ಲ.

ಒಂದು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ. ಕಂಪ್ಯೂಟರಿನಲ್ಲಿ ರೆಂಡರ್ ಆಗಿ ಮುಗಿದ ಚಿತ್ರವನ್ನು ನೋಡುವುದು ಹೀಗೆಯೇ. ಎಲ್ಲಿಯೂ ಸುಳ್ಳು ಕಾಣಲಿಲ್ಲ.

ಮಳೆಯಂಗಿ, ಕೈಗವಸು, ಪೆಟ್ಟಿಗೆ ಮೂರೂ ಪಕ್ಕದ ಬಡಾವಣೆ ಮ್ಯಾರಿಕ್‌ವಿಲ್‌ನ ದಾರಿಯಲ್ಲಿ ಕಟ್ಟಡ ಕೆಡವುವವರ ಕಸದ ತೊಟ್ಟಿಯ ತಳ ಸೇರಿದವು. ಅಲ್ಲಿಯ ಮಿಠಾಯಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತು, ಅಂಗಡಿಯವಳೊಡನೆ ಬಿಸಿಲಿನ ಬಗ್ಗೆ ಗೊಣಗಿ, ಇಬ್ಬರಿಗಾಗುವಷ್ಟು ಗಲಕ್ತೋಬೂರೆಕೋ ಎಂಬ ಹಾಲಿನ ಸಿಹಿ, ಎರಡು ಕಾಫಿ ಕಟ್ಟಿಸಿಕೊಂಡ. ಗೆಳೆಯ ಮನೆಯಲ್ಲಿ ಚಾವಣಿ ಹತ್ತಿ ಕೂತಿದ್ದಾನೆ, ಬೇಗ ಕೊಡು ಎಂದು ಹೇಳುವುದನ್ನು ಮರೆಯಲಿಲ್ಲ.

ಮರಳಿದಾಗ ಥೀಯಾ ವೂಲಾ ಕಪ್ಪು ಉಡುಪಿನಲ್ಲಿ ಗೇಟು ತೆಗೆಯುತ್ತಿದ್ದಳು, ಕೈಯಲ್ಲಿ ಕೋಲಿವಾದ ಪೊಟ್ಟಣ. ಅವನು ಅದನ್ನು ಇಸಿದುಕೊಂಡು, ಹಿತ್ತಲಿಗೆ ಬಾ ಥೀಯಾ, ನಮ್ಮ ಸಾಹೇಬರು ಏಣಿಯ ಮೇಲಿದ್ದಾರೆ, ಸ್ವಲ್ಪ ಬೈದು ಹೋಗು ಎಂದ.

"ಬೈದ್ರೆ ನೀನ್ ಕೇಳಿದ್ಯೇನೋ ಮಗನೇ? ನಿನ್ ಸ್ನೇಹಿತ ಕೇಳ್ತಾನಾ?" ಎನ್ನುತ್ತ ಅವಳೇ ಮುಂದೆ ಹೋದಳು. ಮೂಲೆ ತಿರುಗಿದವಳು ಹೆಣವನ್ನು ಕಂಡಳು. ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡು ಗೋಡೆಗೆ ಒರಗಿದಳು. ಕಾಫಿ ಚೆಲ್ಲುವುದನ್ನು ಲಾಂಬ್ರೋಸ್ ಅಭ್ಯಾಸ ಮಾಡಿಕೊಂಡಿದ್ದ, ಆದರೆ ಅದು ತಾನಾಗಿಯೇ ಚೆಲ್ಲಿತು.

ಪೊಲೀಸರು ಬಂದರು. ಡಿಟೆಕ್ಟಿವ್ ಲೋಸಾ ಸಿಯೋ ಎಂಬವಳು ಅವರ ಮುಂದಾಳು, ಸಮೋವಾ ದ್ವೀಪದ ಕಡೆಯ ದೊಡ್ಡ ಮೈಕಟ್ಟಿನ ಹೆಂಗಸು, ಮಾತು ಮೆತ್ತಗೆ. ಹೆಣಕ್ಕೆ ಬಿಳಿ ಡೇರೆ ಹಾಕಿಸಿದಳು. ಅವಳ ಜೊತೆಯ ಕಾನ್‌ಸ್ಟೇಬಲ್ ಏಣಿ ಹತ್ತಿ ನೋಡಿ, ಜಾರಿದ ಗುರುತಿದೆ, ಗಟರು ಬಾಗಿದೆ, ಹಂಚೊಂದು ಇಲ್ಲ ಎಂದು ಮೇಲಿನಿಂದ ವರದಿ ಒಪ್ಪಿಸಿದ. ವೂಲಾ ತಾನು ಈ ಏಣಿಯ ಬಗ್ಗೆ ಎಷ್ಟು ಸಲ ಹೇಳಿದ್ದೆನೆಂದು ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಸ್ಟುಡಿಯೋಗೆ ಫೋನ್ ಮಾಡಿದಾಗ, ಹೌದು, ಡಂಕನ್ ಚಾವಣಿ ಹತ್ತುವವನೇ, ಪ್ರಶಸ್ತಿ ಬಂದದ್ದೇ ಅದಕ್ಕೆ ಎಂದರಂತೆ. ಪಾಪ, ಇಂಥ ಕಸುಬಿನವರಿಗೆ ಇದೇ ಗತಿ ಎಂದ ಕಾನ್‌ಸ್ಟೇಬಲ್. ಲೋಸಾ ಅರ್ಧ ಹೊರಟೇಬಿಟ್ಟಿದ್ದಳು.

ಅಲ್ಲಿಗೆ ಲಾಂಬ್ರೋಸ್ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅವಳು ಹೋಗುವ ಮುನ್ನ, ಕೇಳಲೇಬೇಕಲ್ಲ ಎಂದು ಒಂದು ಪ್ರಶ್ನೆ ಕೇಳಿದಳು. ಈ ಹಂಚು ಅಲ್ಲಿಂದಲೇ ಬಿದ್ದದ್ದು ಎಂದು ಗೊತ್ತಾಗುವುದು ಹೇಗೆ? ಇಂಥವು ಹಿತ್ತಲಲ್ಲಿ ಬೇಕಾದಷ್ಟು ಬಿದ್ದಿವೆಯಲ್ಲ?

ಅವನ ಜೀವಮಾನದಲ್ಲಿ ಅವನ ಕಸುಬಿನ ಬಗ್ಗೆ ಯಾರೂ ಕೇಳಿರದ ಪ್ರಶ್ನೆ ಅದು. ಮೊಬೈಲಿನಲ್ಲಿ ಎರಡು ವರ್ಷ ಹಿಂದಿನ ಚಾವಣಿಯ ಚಿತ್ರಗಳನ್ನು ತೆರೆದು ತೋರಿಸಿದ. ಕಲ್ಲುಹೂವು ವರ್ಷಕ್ಕೆ ಉಗುರಿನ ಅಂಚಿನಷ್ಟು ಮಾತ್ರ ಬೆಳೆಯುತ್ತದೆ ಎಂದ. ಮೂರು ಹಂಚು ಜೊತೆಯಾಗಿ ಕೂತಿದ್ದರಿಂದಲೇ ವೃತ್ತ ಒಂದಾದದ್ದು, ಹೋಳುಗಳ ಮೇಲಿನ ಕಮಾನು ನೋಡಿ, ಮೇಲಿನ ಕಮಾನು ನೋಡಿ, ಕೂದಲೆಳೆಯ ವ್ಯತ್ಯಾಸವಿಲ್ಲ ಎಂದ. ನೀರಿನ ಕಲೆ ಹಂಚಿನಿಂದ ಹಂಚಿಗೆ ಇಳಿದದ್ದನ್ನು ಬೆರಳಲ್ಲಿ ಗಾಳಿಯಲ್ಲೇ ಬರೆದು ತೋರಿಸಿದ. ಲೋಸಾ ಮಗ್ಗಿ ಕಲಿಯುವ ಮಗುವಿನಂತೆ ಕೇಳಿದಳು. ಕಾನ್‌ಸ್ಟೇಬಲ್ ಕೂಡ ಇಳಿದುಬಂದು ಕೇಳಿದ.

"ಅಬ್ಬಾ," ಎಂದಳು ಅವಳು. "ಈ ಚಿತ್ರಗಳೆಲ್ಲ ಡಂಕನ್ ಅವರದ್ದಾ?"

"ನಂದು," ಎಂದ ಲಾಂಬ್ರೋಸ್. "ಎಲ್ಲಾ ನಂದೇ. ಅವ್ನು ಒಂದೂ ಮಾಡ್ಲಿಲ್ಲ."

"ಹಾಗಾದ್ರೆ ನಿಮ್ಮಷ್ಟು ಗೊತ್ತಿರೋರು ಬೇರೆ ಯಾರೂ ಇಲ್ಲ ಅನ್ನಿ. ಈ ಹಂಚು ಇವತ್ತಿನ ತನಕ ಅಲ್ಲಿಂದ ಕೆಳಗೆ ಬಂದೇ ಇಲ್ಲ ಅಂತ ಬರ್ಕೋಬಹುದಾ?"

"ಧಾರಾಳವಾಗಿ ಬರ್ಕೊಳ್ಳಿ. ಮನೆ ಕಟ್ಟಿದಾಗ ಕೂರಿಸಿದ್ದು. ತೊಂಬತ್ತು ವರ್ಷ ಕದಲಿಲ್ಲ. ಇದನ್ನ ಕೈಯಲ್ಲಿ ಮುಟ್ಟಿದ ಕೊನೇ ಮನುಷ್ಯ ಸತ್ತು ಎಷ್ಟೋ ಕಾಲ ಆಯ್ತು."

ಅವಳು ಬರೆದುಕೊಂಡಳು, ಥ್ಯಾಂಕ್ಸ್ ಹೇಳಿದಳು. ಚೀಲಕ್ಕೆ ಹಾಕಲೆಂದು ರಬ್ಬರಿನ ಕೈಗವಸು ಎಳೆದುಕೊಂಡು ಬಗ್ಗಿ, ದೊಡ್ಡ ಹೋಳನ್ನು ಎತ್ತಿದಳು. ಕಲ್ಲುಹೂವಿಗೆ ಪೆಟ್ಟಾಗಬಾರದೆಂದು, ಅವನು ಅಷ್ಟೆಲ್ಲ ಹೇಳಿದ ಮೇಲೆ ಅದರ ಮೇಲೆ ಅವಳಿಗೂ ಮಮತೆ ಹುಟ್ಟಿತ್ತೇನೋ, ಮೆಲ್ಲಗೆ ಬೋರಲು ಮಾಡಿ ಅಂಗೈಯಲ್ಲಿ ಹಿಡಿದುಕೊಂಡಳು. ಹಾಗೇ ನಿಂತಳು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ವಿಮಾನ ಬಂತು. ಆ ಕಡೆಯ ಜನರ ರೂಢಿಯಂತೆ ಅವಳು ಮಾತು ನಿಲ್ಲಿಸಿ ಕಾದಳು, ಅವನೂ ಕಾಯಬೇಕಾಯಿತು, ಕಾಯುತ್ತ ಲಾಂಬ್ರೋಸ್ ಕರೆಲ್ಲಾಸ್ ತನ್ನ ಹಂಚಿನ ಬೆನ್ನನ್ನು ಮೊದಲ ಬಾರಿಗೆ ನೋಡಿದ. ಒಳತಗ್ಗಿನಲ್ಲಿ, ಕೆಂಪು ಧೂಳು ಮೆತ್ತಿಕೊಂಡು, ಅಂಟಿನ ಎರಡು ನೀಲಿ ಉಂಡೆಗಳು ಕೂತಿದ್ದವು. ತಿರುಗುವ ಮಣೆಯ ಮೇಲೆ ಅಲುಗದಿರಲೆಂದು ಬರಿಗೈಯಲ್ಲಿ ಒತ್ತಿದ್ದು. ಒಂದರ ಮೇಲೆ ಹೆಬ್ಬೆಟ್ಟಿನ ಗೆರೆಗಳು, ಅವನ ಯಾವ ಟೆಕ್ಸ್ಚರಿನಲ್ಲೂ ಇಲ್ಲದಷ್ಟು ಸ್ಪಷ್ಟವಾಗಿ, ಒಂದೂ ಅಳಿಯದೆ ಮೂಡಿದ್ದವು. ವಿಮಾನದ ಸದ್ದು ಅಡಗಿತು. "ನಮ್ಮನೇಲಿ ಮಕ್ಕಳು ಬರೆದ ಚಿತ್ರ ಗೋಡೆಗೆ ಅಂಟಿಸೋದು ಇದ್ರಲ್ಲೇ," ಎಂದಳು ಲೋಸಾ, ಅದೇ ಮೆತ್ತಗಿನ ದನಿಯಲ್ಲಿ. "ನಿಮ್ಮ ಬಲಗೈ ಹೆಬ್ಬೆಟ್ಟು ಒಂಚೂರು ತೋರಿಸ್ತೀರಾ?"